ಬೆಳಗಾಗಲಿ ಅನ್ನಬೇಡಿ

ನಮ್ಮ ಸೋದರಮಾವನಿಗೆ ಎದೆ ಹಿಡಿದದ್ದು ರಾತ್ರಿ ಒಂಬತ್ತೂವರೆಗೆ, ಊಟ ಮುಗಿಸಿ ಜಗಲಿಯ ಮೇಲೆ ಕೂತಿದ್ದಾಗ. ಮುದ್ದೆ, ಹುರುಳಿ ಸಾರಿನ ಊಟ. 'ಗ್ಯಾಸು ಕಣೋ' ಅಂದರು. ಅತ್ತೆ ಜೀರಿಗೆ ಕಷಾಯ ಕಾಸಿದರು, ನಾನು ಅಂಗಡಿಗೆ ಓಡಿ ಸೋಡಾ ತಂದೆ. ಅಂಗಿ ಒದ್ದೆಯಾಗುವಷ್ಟು ಬೆವರುತ್ತಿದ್ದರು, ಸೆಖೆ ಅಂದೆವು. ಎಡಗೈ ಜೋಮು ಹಿಡಿದಿದೆ ಅಂದಾಗ 'ಮಧ್ಯಾಹ್ನ ತೆಂಗಿನಕಾಯಿ ಮೂಟೆ ಹೊತ್ತಿದ್ರಲ್ಲ ಮಾವ' ಅಂದವನು ನಾನೇ. ಬೆಳಗಾಗಲಿ, ತೋರಿಸಿದರಾಯಿತು ಅಂತ ಮಲಗಿದೆವು. ಎರಡು ಗಂಟೆಗೆ ಅತ್ತೆ ಕೂಗಿಕೊಂಡ ಮೇಲೆ ಕಾರು ಹುಡುಕಿದ್ದು. ಅರಸೀಕೆರೆ ರಸ್ತೆಯಲ್ಲಿ ಅರ್ಧ ದಾರಿಯೂ ಆಗಿರಲಿಲ್ಲ, ನನ್ನ ತೊಡೆಯ ಮೇಲಿದ್ದ ತಲೆ ಭಾರವಾಯಿತು.

ನಮ್ಮೂರು ಜಾವಗಲ್ಲಿನಿಂದ ಅರಸೀಕೆರೆಗೆ ಮೂವತ್ತು ಕಿಲೋಮೀಟರ್ ಆಸುಪಾಸು. ಹಾಸನ ಇನ್ನೂ ದೂರ. ವರ್ಷಗಟ್ಟಲೆ ನಾನು ಆ ದಾರಿಯನ್ನೇ ಶಪಿಸಿದೆ. ಒಂದು ದಿನ ಕೂತು ಲೆಕ್ಕ ಹಾಕಿದೆ. ದಾರಿ ಕೇಳಿದ್ದು ಮುಕ್ಕಾಲು ಗಂಟೆ. ಮನೆಯೊಳಗೆ ನಾವು ಕಳೆದದ್ದು ನಾಲ್ಕೂವರೆ ಗಂಟೆ.

ಆ ನಾಲ್ಕೂವರೆ ಗಂಟೆಯ ಬಗ್ಗೆಯೇ ನಾನು ನಿಮ್ಮನ್ನು ಬೇಡಿಕೊಳ್ಳುತ್ತಿರುವುದು. ಹಾರ್ಟ್ ಅಟ್ಯಾಕ್ ಎಂದರೆ ಹೃದಯಕ್ಕೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಕಟ್ಟುವುದು. ತೂಬು ಮುಚ್ಚಿದರೆ ಗದ್ದೆ ಒಣಗುವ ಹಾಗೆ, ಆ ನಾಳವನ್ನು ನಂಬಿದ ಮಾಂಸಖಂಡ ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತದೆ. ಗದ್ದೆಗೆ ಮರುದಿನ ನೀರು ಬಿಟ್ಟರೆ ಪೈರು ಚೇತರಿಸಿಕೊಂಡೀತು. ಸತ್ತ ಹೃದಯದ ಮಾಂಸ ಮತ್ತೆ ಚಿಗುರುವುದಿಲ್ಲ. ಹೆಪ್ಪು ಕರಗಿಸುವ ಇಂಜೆಕ್ಷನ್ ಹನ್ನೆರಡು ಗಂಟೆಯವರೆಗೂ ಕೊಡಬಹುದಾದರೂ ಅದರ ಪೂರ್ತಿ ಬಲ ಸಿಗುವುದು ಮೊದಲ ಎರಡು ಮೂರು ಗಂಟೆಯಲ್ಲಿ. ಆ ಹೊತ್ತನ್ನು ನಾವು ಕಷಾಯ ಕುದಿಸುವುದಕ್ಕೆ ಕೊಟ್ಟೆವು.

2025ರ ಜೂನ್ ತಿಂಗಳು ನೆನಪಿದೆಯೇ? ನಮ್ಮ ಜಿಲ್ಲೆಯಲ್ಲಿ ದಿನಕ್ಕೊಂದು ಹಾರ್ಟ್ ಅಟ್ಯಾಕ್ ಸಾವಿನ ಸುದ್ದಿ. ಟಿವಿಯವರೆಲ್ಲ ಹಾಸನ, ಹಾಸನ ಅಂದರು. ಹೆದರಿದ ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ನಸುಕಿಗೇ ಸಾಲು ನಿಂತರು. ಸರ್ಕಾರ ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಜುಲೈನಲ್ಲಿ ವರದಿ ಬಂತು: ಪರಿಶೀಲಿಸಿದ 24 ಸಾವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು, ಆದರೆ ಹಿಂದಿಗಿಂತ ವಿಶೇಷವಾಗಿ ಹೆಚ್ಚಿಲ್ಲ. ಜನ ನಿಟ್ಟುಸಿರು ಬಿಟ್ಟರು, ಸಾಲು ಕರಗಿತು. ನನಗೆ ಮಾತ್ರ ಆ ಮಾತು ಸಮಾಧಾನ ತರಲಿಲ್ಲ. ಹೆಚ್ಚಿಲ್ಲ ಅಂದರೆ ಇಷ್ಟು ಮಂದಿ ಪ್ರತಿ ವರ್ಷವೂ ಹೀಗೇ ಹೋಗುತ್ತಿದ್ದರು, ನಾವು ಎಣಿಸಿರಲಿಲ್ಲ, ಅಷ್ಟೇ.

ಆ ತಿಂಗಳ ಹೆದರಿಕೆಯಲ್ಲಿ ನಾವು ಮೈಸೂರಿಗೆ ಓಡಿದೆವಲ್ಲ, ಹತ್ತಿರದಲ್ಲೇ ಇದ್ದುದನ್ನು ಎಷ್ಟು ಜನ ವಿಚಾರಿಸಿದೆವು? 46ನೇ ವಯಸ್ಸಿಗೆ, 2021ರ ಅಕ್ಟೋಬರ್ 29ರಂದು ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾರೆ, ದೂರದಲ್ಲಿ ಕೂತ ತಜ್ಞರು ಕೆಲವೇ ನಿಮಿಷದಲ್ಲಿ ಅದನ್ನು ಓದಿ ಹೇಳುತ್ತಾರೆ, ಅಟ್ಯಾಕ್ ಎಂದು ಗೊತ್ತಾದರೆ ಹೊರಗೆ ಹತ್ತಾರು ಸಾವಿರ ಬೆಲೆಬಾಳುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ನನ್ನು ಪುಕ್ಕಟೆ ಚುಚ್ಚಿ, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಎದೆನೋವು ಎಂದ ಕೂಡಲೇ 'ನೇರ ಬೆಂಗಳೂರಿಗೇ ಹೋಗಿಬಿಡೋಣ' ಅನ್ನುವ ನೆಂಟರು ಪ್ರತಿ ಮನೆಯಲ್ಲೂ ಇರುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ಅವರ ಮಾತು ಕೇಳಬೇಡಿ. ಮೊದಲು ಇಸಿಜಿ ಆಗಲಿ, ಎಲ್ಲಿ ಹತ್ತಿರವೋ ಅಲ್ಲಿ.

ಹೆಂಗಸರ ಮಾತು ಬೇರೆಯಾಗಿ ಹೇಳಬೇಕು. ಅವರಿಗೆ ಎಷ್ಟೋ ಸಲ ಎದೆ ನೋಯುವುದೇ ಇಲ್ಲ. ಸುಸ್ತು, ಉಬ್ಬಸ, ವಾಕರಿಕೆ, ಬೆನ್ನಲ್ಲೋ ದವಡೆಯಲ್ಲೋ ಹಿಡಿತ. ಸಕ್ಕರೆ ಕಾಯಿಲೆ ಇದ್ದವರಿಗೂ ಹಾಗೆಯೇ. ಅಮ್ಮ 'ಯಾಕೋ ಕೈಲಾಗ್ತಿಲ್ಲ ಮಗ' ಅಂದರೆ ಅದು ಅವಳ ಬಾಯಿಂದ ಸುಲಭಕ್ಕೆ ಬರುವ ಮಾತಲ್ಲ. ಹಾಲು ಕರೆದು, ಡೈರಿಗೆ ಹಾಕಿ, ಎಲ್ಲರಿಗೂ ಬಡಿಸಿ ಆದಮೇಲೆ ಅಂದಿರುತ್ತಾಳೆ. ಅಷ್ಟು ಹೊತ್ತು ಆಗಲೇ ಕಳೆದಿರುತ್ತದೆ. ಇನ್ನೊಂದು ಗಳಿಗೆಯನ್ನು ನೀವು ಕಳೆಯಬೇಡಿ.

108ಕ್ಕೆ ಫೋನ್ ಮಾಡಿ. 2008ರ ನವೆಂಬರ್ ಒಂದರಿಂದ ಈ ರಾಜ್ಯದಲ್ಲಿ ಆ ಗಾಡಿ ಓಡುತ್ತಿದೆ, ದುಡ್ಡು ಕೇಳುವುದಿಲ್ಲ. ನೋವು ತಿಂದವರನ್ನು ನಡೆಸಬೇಡಿ, ಬೈಕಿನ ಹಿಂದೆ ಕೂರಿಸಬೇಡಿ. ಉಸಿರು ನಿಂತು ಕುಸಿದರೆ ಮುಖಕ್ಕೆ ನೀರು ಎರಚುತ್ತಾ ನಿಲ್ಲಬೇಡಿ: ಎದೆಯ ನಟ್ಟನಡುವೆ ಎರಡೂ ಅಂಗೈ ಇಟ್ಟು, ಎರಡು ಅಂಗುಲ ಇಳಿಯುವಷ್ಟು ಜೋರಾಗಿ, ನಿಮಿಷಕ್ಕೆ ನೂರಕ್ಕೂ ಮೇಲೆ ಒತ್ತಿ. ಗಾಡಿ ಬರುವವರೆಗೂ ನಿಲ್ಲಿಸಬೇಡಿ.

ಆಟೋ, ಕಾರು ಓಡಿಸುವ ತಮ್ಮಂದಿರೇ, ದಾರಿಯಲ್ಲೇ ಪ್ರಾಣ ಹೋದರೆ ಪೊಲೀಸು, ಕೇಸು ಎಂಬ ಅಂಜಿಕೆ ನಿಮಗಿದೆ. ನೆರವಾದವರನ್ನು ಸತಾಯಿಸದಂತೆ ರಕ್ಷಿಸುವ ಮಸೂದೆಯನ್ನು ನಮ್ಮ ವಿಧಾನಮಂಡಲ 2016ರಲ್ಲೇ ಒಪ್ಪಿತು, ಅದು ಕಾನೂನೂ ಆಗಿದೆ. ಮೊದಲು ಚಿಕಿತ್ಸೆ, ಮಿಕ್ಕದ್ದೆಲ್ಲ ಆಮೇಲೆ ಎಂದು ಸುಪ್ರೀಂ ಕೋರ್ಟ್ ವೈದ್ಯರಿಗೆ ಹೇಳಿದ್ದಂತೂ 1989ರಲ್ಲಿ. ಎಂಜಿನ್ ಸ್ಟಾರ್ಟ್ ಮಾಡಿ.

ಆಳುವವರಿಗೂ ಒಂದು ಮಾತು. ತಾಲ್ಲೂಕಿಗೆ ಬಂದ ಇಂಜೆಕ್ಷನ್ ಹೋಬಳಿಗೆ ಯಾಕೆ ಇಳಿಯಬಾರದು? ಜಾವಗಲ್‌ನಂಥ ಪ್ರತಿ ಹೋಬಳಿಯಲ್ಲೂ ನಡುರಾತ್ರಿ ಇಸಿಜಿ ತೆಗೆಯುವ ಕೈ ಇರಲಿ, ಓದುವ ಕಣ್ಣು ಬೆಂಗಳೂರಿನಲ್ಲಿದ್ದರೂ ಸರಿ. ಇದನ್ನು ಭಿಕ್ಷೆಯಂತೆ ಕೇಳುತ್ತಿಲ್ಲ. ಮುಂದಿನ ಸಲ ಓಟು ಕೇಳಲು ಬಂದವರನ್ನು ನಮ್ಮೂರ ಲಕ್ಷ್ಮೀನರಸಿಂಹನ ಗುಡಿಯ ಮುಂದೆಯೇ ನಿಲ್ಲಿಸಿ ಕೇಳೋಣ.

ನಮ್ಮೂರ ದರ್ಗಾದ ಉರುಸಿಗೆ ಎಲ್ಲ ಜಾತಿಯವರೂ ಬರುತ್ತಾರೆ, ನರಸಿಂಹಸ್ವಾಮಿಯ ತೇರಿಗೂ ಬರುತ್ತಾರೆ. ಎರಡೂ ಕಡೆ ಮೈಕು ಇರುತ್ತದೆ. ಕಳೆದುಹೋದ ಮಗುವಿನ ಹೆಸರು ಕೂಗುವ ಅದೇ ಮೈಕಿನಲ್ಲಿ ಎರಡು ನಿಮಿಷ ನನಗೆ ಕೊಡಿ. ಅಲ್ಲಿಯವರೆಗೆ, ಇವತ್ತು ಊಟಕ್ಕೆ ಕೂತಾಗ, ನಿಮ್ಮ ಬೀದಿಯಲ್ಲಿ ಯಾರ ಮನೆ ಮುಂದೆ ಕಾರು ನಿಲ್ಲುತ್ತದೆ, ರಾತ್ರಿ ಎರಡಕ್ಕೆ ಬಾಗಿಲು ಬಡಿದರೆ ಯಾರು ಏಳುತ್ತಾರೆ ಎಂದು ಮನೆಯವರನ್ನೆಲ್ಲ ಕೇಳಿ. ಅವರ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ. ನಮ್ಮ ಅತ್ತೆ ಈಗ ಬರೆದಿಟ್ಟಿದ್ದಾರೆ.