ಕೆಟ್ಟು ನಿಂತ ರೋಬೊ ಮುಂದೆ ಮಗು

ಏಪ್ರಿಲ್ ಎರಡನೇ ವಾರ ಶಾಲೆಗಳಿಗೆ ರಜೆ ಬೀಳುವ ಹೊತ್ತಿಗೆ ನಮ್ಮ ನಗರಗಳ ವಿದ್ಯುತ್ ಕಂಬಗಳಿಗೂ ಅಪಾರ್ಟ್‌ಮೆಂಟ್‌ಗಳ ವಾಟ್ಸ್‌ಆ್ಯಪ್ ಗುಂಪುಗಳಿಗೂ ಬೇಸಿಗೆ ಶಿಬಿರಗಳ ಜಾಹೀರಾತುಗಳು ಅಂಟಿಕೊಳ್ಳುತ್ತವೆ. ಈಜು, ಕರಾಟೆ, ಚಿತ್ರಕಲೆ, ಚೆಸ್‌ಗಳ ಹಳೆಯ ಪಟ್ಟಿಯಲ್ಲಿ ಈಗ ಕೋಡಿಂಗ್ ಮತ್ತು ರೋಬೊಟಿಕ್ಸ್ ಮೇಲಿನ ಸಾಲಿಗೆ ಏರಿವೆ. ಶುಲ್ಕದಲ್ಲೂ ಅವೇ ಮೇಲು. ಹತ್ತು ದಿನದಲ್ಲಿ ನಿಮ್ಮ ಮಗು ತನ್ನದೇ ರೋಬೊ ಕಟ್ಟುತ್ತದೆ, ತನ್ನದೇ ಗೇಮ್ ಬರೆಯುತ್ತದೆ ಎಂಬ ಭರವಸೆ ಇಲ್ಲದ ಕರಪತ್ರ ಸಿಗುವುದು ಅಪರೂಪ. ಹತ್ತು ದಿನ ತಬಲಾ ಶಿಬಿರಕ್ಕೆ ಹೋದ ಮಗು ಕಛೇರಿ ಕೊಡುತ್ತದೆ ಎಂದು ಯಾವ ಗುರುವೂ ಹೇಳುವುದಿಲ್ಲ, ಹೇಳಿದರೆ ನಾವೂ ನಂಬುವುದಿಲ್ಲ. ಕಂಪ್ಯೂಟರ್ ವಿಷಯಕ್ಕೆ ಬಂದಾಗ ಮಾತ್ರ ನಮ್ಮ ಈ ಸಾಮಾನ್ಯ ವಿವೇಕ ರಜೆ ಹಾಕುತ್ತದೆ.

ಇಂಥ ಶಿಬಿರಗಳೇ ಬೇಡ ಎಂದು ವಾದಿಸುವುದು ಸುಲಭ, ಆದರೆ ಅದು ಸರಿಯಲ್ಲ. ಪ್ರೋಗ್ರಾಮಿಂಗ್‌ನಿಂದ ಮಕ್ಕಳಿಗೆ ಪ್ರಯೋಜನವಿದೆ ಎನ್ನಲು ಗಟ್ಟಿ ಆಧಾರಗಳಿವೆ. ಆದರೆ ಆ ಪ್ರಯೋಜನದ ಬಹುಪಾಲು ಹುಟ್ಟುವುದು ರೋಬೊ ಓಡಿದಾಗ ಅಲ್ಲ, ಕೆಟ್ಟು ನಿಂತಾಗ. ತಾನು ಅಂದುಕೊಂಡದ್ದು ಒಂದು, ಆದದ್ದು ಇನ್ನೊಂದು ಎಂದು ಮಗು ಕಂಡುಕೊಂಡು, ನಡುವೆ ಎಲ್ಲಿ ಎಡವಟ್ಟಾಯಿತು ಎಂದು ತಾನೇ ಹುಡುಕುವ ಆ ಅರ್ಧ ಗಂಟೆಯೇ ಈ ವಿದ್ಯೆಯ ತಿರುಳು. ನಮ್ಮ ಬಹುತೇಕ ಶಿಬಿರಗಳ ಏರ್ಪಾಡು ಹೇಗಿದೆಯೆಂದರೆ, ಮೊದಲು ಕತ್ತರಿ ಬೀಳುವುದೇ ಆ ಅರ್ಧ ಗಂಟೆಗೆ.

ಈ ವಿಚಾರ ಹೊಸದೇನಲ್ಲ. ಜಿನೀವಾದಲ್ಲಿ ಮನಶ್ಶಾಸ್ತ್ರಜ್ಞ ಜಾನ್ ಪಿಯಾಜೆ ಜೊತೆ ಕೆಲಸ ಮಾಡಿ ಅಮೆರಿಕಕ್ಕೆ ಹೋದ ಗಣಿತಜ್ಞ ಸೆಮೋರ್ ಪ್ಯಾಪರ್ಟ್, 1967ರಲ್ಲಿ ಸಂಗಡಿಗರ ಜೊತೆ ಸೇರಿ ಮಕ್ಕಳಿಗಾಗಿ ‘ಲೋಗೊ’ ಎಂಬ ಪ್ರೋಗ್ರಾಮಿಂಗ್ ಭಾಷೆ ರೂಪಿಸಿದರು. ಅದರಲ್ಲಿ ಒಂದು ‘ಆಮೆ’ ಇರುತ್ತದೆ. ನೂರು ಹೆಜ್ಜೆ ಮುಂದೆ ಹೋಗು, ತೊಂಬತ್ತು ಡಿಗ್ರಿ ಬಲಕ್ಕೆ ತಿರುಗು ಎಂದು ನಾಲ್ಕು ಸಲ ಹೇಳಿದರೆ ಅದು ಚೌಕ ಬರೆಯುತ್ತದೆ. ಚೌಕ ಬರೆಸಿದ ಮಗುವಿಗೆ ತ್ರಿಕೋನ ಬರೆಸು ಎನ್ನಿ. ಸಮಬಾಹು ತ್ರಿಕೋನದ ಕೋನ ಅರವತ್ತು ಡಿಗ್ರಿ ಎಂದು ಪಾಠದಲ್ಲಿ ಓದಿದ ಮಗು ಅರವತ್ತು ತಿರುಗು ಎಂದೇ ಬರೆಯುತ್ತದೆ. ತೆರೆಯ ಮೇಲೆ ಬರುವುದು ತ್ರಿಕೋನವಲ್ಲ, ಮುರಿದ ಬಟ್ಟಲಿನಂಥ ಮೂರು ಗೆರೆ. ಇನ್ನೂ ಮೂರು ಎಳೆದರೆ ಷಟ್ಕೋನವಾಗುತ್ತದೆ. ಇಲ್ಲಿ ಶಿಕ್ಷಕರು ಎರಡು ರೀತಿ ನಡೆದುಕೊಳ್ಳಬಹುದು. ‘ಅಲ್ಲಿ 120 ಹಾಕು’ ಎಂದರೆ ಹತ್ತು ಸೆಕೆಂಡಿನಲ್ಲಿ ತ್ರಿಕೋನ ಸಿದ್ಧ. ‘ನೀನೇ ಆಮೆ ಅಂದುಕೋ, ಎದ್ದು ನಡೆದು ನೋಡು’ ಎಂದರೆ ಮಗು ಕೋಣೆಯಲ್ಲಿ ನಡೆದು, ಮೂಲೆಯಲ್ಲಿ ತನ್ನ ಮೈ ಎಷ್ಟು ತಿರುಗಿತು ಎಂದು ಗಮನಿಸಿ, ತಿರುಗಬೇಕಾದದ್ದು ಒಳಕೋನವಲ್ಲ ಹೊರಕೋನ ಎಂದು ಕಂಡುಕೊಳ್ಳಲು ಇಪ್ಪತ್ತು ನಿಮಿಷ ಹಿಡಿಯಬಹುದು. ತೆರೆಯ ಮೇಲಿನ ಚಿತ್ರ ಎರಡರಲ್ಲೂ ಒಂದೇ, ಮಗು ಕಲಿತದ್ದು ಮಾತ್ರ ಬೇರೆ ಬೇರೆ. 1980ರಲ್ಲಿ ಬಂದ ತಮ್ಮ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕದಲ್ಲಿ ಪ್ಯಾಪರ್ಟ್ ವಾದಿಸಿದ್ದೂ ಇದನ್ನೇ: ಸರಿಯೋ ತಪ್ಪೋ ಎಂದು ತೀರ್ಪು ಕೊಡುವ ಶಾಲೆಯಲ್ಲಿ ತಪ್ಪೆಂದರೆ ಅವಮಾನ, ಪ್ರೋಗ್ರಾಮಿಂಗ್‌ನಲ್ಲಿ ತಪ್ಪೆಂದರೆ ಸರಿಪಡಿಸಬೇಕಾದ ಸಂಗತಿ, ಅಷ್ಟೆ. ಮಕ್ಕಳ ರೋಬೊ ಕಿಟ್‌ಗೆ 1998ರಲ್ಲಿ ಲೆಗೊ ಕಂಪನಿ ಈ ಪುಸ್ತಕದ ಹೆಸರನ್ನೇ ಇಟ್ಟಿತು. ಹೆಸರು ಹೋದಷ್ಟು ದೂರ ವಿಚಾರ ಹೋಗಲಿಲ್ಲ.

ಪ್ಯಾಪರ್ಟ್ ಉತ್ಸಾಹವನ್ನು ಪರೀಕ್ಷಿಸದೆ ಒಪ್ಪಬೇಕಿಲ್ಲ. ನ್ಯೂಯಾರ್ಕಿನ ಬ್ಯಾಂಕ್ ಸ್ಟ್ರೀಟ್ ಕಾಲೇಜಿನ ರಾಯ್ ಪೀ ಮತ್ತು ಮಿಡಿಯನ್ ಕರ್ಲೆಂಡ್ 1984ರ ಸುಮಾರಿಗೆ ನಡೆಸಿದ ಅಧ್ಯಯನಗಳು ಅದರ ಮೇಲೆ ತಣ್ಣೀರೆರಚಿದವು. ಒಂದು ಶಾಲಾ ವರ್ಷ ಲೋಗೊ ಕಲಿತ ಮಕ್ಕಳಿಗೂ ಕಲಿಯದವರಿಗೂ ತರಗತಿಯ ಸಣ್ಣಪುಟ್ಟ ಕೆಲಸಗಳನ್ನು ಯಾವ ಕ್ರಮದಲ್ಲಿ ಮಾಡಿದರೆ ಓಡಾಟ ಕಡಿಮೆ ಎಂದು ಯೋಜಿಸಲು ಕೊಟ್ಟಾಗ, ಲೋಗೊ ಕಲಿತವರೇನೂ ಮುಂದಿರಲಿಲ್ಲ. ಕಂಪ್ಯೂಟರ್ ಮುಂದೆ ಕೂರಿಸಿದ ಮಾತ್ರಕ್ಕೆ ಬುದ್ಧಿ ಚುರುಕಾಗುವುದಿಲ್ಲ ಎಂಬುದು ಆಗಲೇ ಗೊತ್ತಾಗಿತ್ತು. ಆದರೆ ಕತೆ ಅಲ್ಲಿಗೆ ನಿಲ್ಲಲಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಡೇವಿಡ್ ಕ್ಲಾರ್ ಮತ್ತು ಶರಾನ್ ಕಾರ್ವರ್ ಅದೇ ಲೋಗೊ ಹಿಡಿದು, ಮಕ್ಕಳಿಗೆ ತಪ್ಪು ಹುಡುಕುವ ಕ್ರಮವನ್ನೇ ಪಾಠವಾಗಿ ಕಲಿಸಿದರು. ಬಂದದ್ದಕ್ಕೂ ಬರಬೇಕಾದದ್ದಕ್ಕೂ ಏನು ವ್ಯತ್ಯಾಸ, ಅಂಥ ವ್ಯತ್ಯಾಸಕ್ಕೆ ಯಾವ ಬಗೆಯ ತಪ್ಪು ಕಾರಣವಾಗಬಹುದು, ಅದು ಪ್ರೋಗ್ರಾಮಿನ ಯಾವ ಭಾಗದಲ್ಲಿರಬಹುದು ಎಂದು ಹಂತ ಹಂತವಾಗಿ. 1988ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಹೀಗೆ ಕಲಿತ ಮಕ್ಕಳು ಕಂಪ್ಯೂಟರಿಗೆ ಸಂಬಂಧವೇ ಇಲ್ಲದ ಲಿಖಿತ ಸೂಚನೆಗಳಲ್ಲಿ ಅಡಗಿದ್ದ ತಪ್ಪುಗಳನ್ನು ಹುಡುಕುವುದರಲ್ಲೂ ಸುಧಾರಿಸಿದ್ದರು. ಈಚೆಗೆ, 2019ರಲ್ಲಿ, ರೋನಿ ಶೆರರ್ ಮತ್ತು ಸಂಗಡಿಗರು 105 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಪ್ರೋಗ್ರಾಮಿಂಗ್ ಕಲಿಕೆಯ ಪ್ರಯೋಜನ ಬೇರೆ ಕ್ಷೇತ್ರಗಳಿಗೆ ಸಾಧಾರಣ ಮಟ್ಟದಲ್ಲಿ ಹರಿಯುತ್ತದೆ, ಓದು ಬರಹದ ಸಾಮರ್ಥ್ಯಕ್ಕೆ ಮಾತ್ರ ಹೆಚ್ಚೇನೂ ತಲುಪುವುದಿಲ್ಲ ಎಂದು ಕಂಡುಬಂತು. ಅಂದರೆ ಲಾಭ ಇರುವುದು ಖಚಿತ, ಆದರೆ ಅದು ಕಿಟ್ ಜೊತೆ ಪುಕ್ಕಟೆ ಬರುವ ವಸ್ತುವಲ್ಲ. ಏನನ್ನು ಕಲಿಸಲು ಸಮಯ ಕೊಟ್ಟಿರಿ ಎಂಬುದರ ಮೇಲೆ ನಿಂತಿದೆ.

ಈಗ ನಮ್ಮ ಶಿಬಿರಗಳ ಸಮಯದ ಲೆಕ್ಕ ನೋಡೋಣ. ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಎಂದರೆ ಇಪ್ಪತ್ತು ಗಂಟೆ. ಇಪ್ಪತ್ತು ಮಕ್ಕಳಿಗೆ ಒಬ್ಬ ಬೋಧಕ ಎಂದಿಟ್ಟುಕೊಂಡರೆ, ಅವರು ಒಟ್ಟಿಗೆ ಪಾಠ ಹೇಳದೆ ಇಡೀ ಸಮಯವನ್ನು ಹಂಚಿದರೂ ಒಂದು ಮಗುವಿನ ಪಾಲಿಗೆ ಇಡೀ ಶಿಬಿರದಲ್ಲಿ ಸಿಗುವುದು ಒಂದು ಗಂಟೆ. ಇಷ್ಟರಲ್ಲಿ ಕೊನೆಯ ದಿನ ಪೋಷಕರೆದುರು ಎಲ್ಲ ಮಕ್ಕಳ ರೋಬೊಗಳೂ ಓಡಬೇಕು. ಆಗ ಬೋಧಕ ಮಾಡುವುದಾದರೂ ಏನು? ಬಿಡಿಭಾಗಗಳನ್ನು ಮೊದಲೇ ಅರ್ಧ ಜೋಡಿಸಿಡುತ್ತಾರೆ, ಪ್ರೋಗ್ರಾಂ ಬರೆದಿಟ್ಟು ನಕಲು ಮಾಡಿಸುತ್ತಾರೆ, ಓಡದ ರೋಬೊವನ್ನು ಮಗುವಿನ ಕೈಯಿಂದ ತೆಗೆದುಕೊಂಡು ತಾವೇ ಸರಿಮಾಡಿ ಕೊಡುತ್ತಾರೆ. ಅವರನ್ನು ದೂರಿ ಫಲವಿಲ್ಲ. ಶುಲ್ಕ ಕಟ್ಟಿದವರು ಕೇಳುತ್ತಿರುವುದೇ ವಿಡಿಯೊ ಮತ್ತು ಪ್ರಮಾಣಪತ್ರವನ್ನು.

ಕಪ್ಪು ಗೆರೆಯನ್ನು ಹಿಂಬಾಲಿಸಿ ಓಡುವ ಪುಟ್ಟ ಗಾಡಿ ಬಹುತೇಕ ಶಿಬಿರಗಳಲ್ಲಿ ಇದ್ದೇ ಇರುತ್ತದೆ. ಬಿಳಿ ಡ್ರಾಯಿಂಗ್ ಹಾಳೆ, ಅದರ ಮೇಲೆ ಅಂಟಿಸಿದ ಕಪ್ಪು ಇನ್ಸುಲೇಷನ್ ಟೇಪು, ಗಾಡಿಯ ಹೊಟ್ಟೆಯಡಿ ಎರಡು ಇನ್‌ಫ್ರಾರೆಡ್ ಸೆನ್ಸರ್, ಎರಡು ಮೋಟಾರು. ಬಿಳಿ ಹಾಳೆ ಕಿರಣವನ್ನು ಮರಳಿಸುತ್ತದೆ, ಕಪ್ಪು ಟೇಪು ನುಂಗುತ್ತದೆ. ಯಾವ ಕಡೆ ನುಂಗಿತೋ ಆ ಕಡೆಗೆ ಗಾಡಿ ತಿರುಗಬೇಕು, ಇಷ್ಟೇ ತತ್ವ. ಇದು ಕೆಡುವ ಬಗೆಗಳನ್ನು ನೋಡಿ. ಒಂದು ಮೋಟಾರಿನ ಎರಡು ವೈರು ಅದಲುಬದಲಾದರೆ ಗಾಡಿ ನಿಂತಲ್ಲೇ ಬುಗುರಿಯಂತೆ ಸುತ್ತುತ್ತದೆ. ಎಡಬಲದ ಸೆನ್ಸರ್‌ಗಳು ಬದಲಾದರೆ ಗೆರೆ ಕಂಡ ಕೂಡಲೇ ಅದರಿಂದ ದೂರ ಓಡುತ್ತದೆ. ಬ್ಯಾಟರಿ ಇಳಿದಿದ್ದರೆ ನೇರ ಹೋಗುತ್ತದೆ, ತಿರುವಿನಲ್ಲಿ ಸೋಲುತ್ತದೆ. ಇನ್ನೊಂದು ಸ್ವಾರಸ್ಯದ ದೋಷವಿದೆ: ಬೆಳಿಗ್ಗೆ ಸರಿಯಾಗಿ ಓಡಿದ ಗಾಡಿ ಮಧ್ಯಾಹ್ನ ಕಿಟಕಿಯ ಪಕ್ಕ ಬಂದಾಗ ತಬ್ಬಿಬ್ಬಾಗುತ್ತದೆ. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇರುತ್ತದೆ, ಸೆನ್ಸರ್‌ಗೆ ಯಾವುದು ತನ್ನ ಕಿರಣ, ಯಾವುದು ಸೂರ್ಯನದು ಎಂದು ತಿಳಿಯುವುದಿಲ್ಲ. ಪರದೆ ಎಳೆದಾಗ ಗಾಡಿ ಸರಿಹೋದದ್ದನ್ನು ಕಂಡು ‘ಯಾಕೆ?’ ಎಂದು ಕೇಳಿದ ಮಗುವಿಗೆ ಆ ದಿನ ಸಿಗುವ ವಿಜ್ಞಾನದ ಪಾಠ ಯಾವ ಪಠ್ಯಪುಸ್ತಕಕ್ಕೂ ಕಡಿಮೆಯಲ್ಲ. ಗೆರೆಯ ಮೇಲೆ ಅಚ್ಚುಕಟ್ಟಾಗಿ ಓಡಿ ಚಪ್ಪಾಳೆ ಗಿಟ್ಟಿಸಿದ ಗಾಡಿ ಇದರಲ್ಲಿ ಒಂದನ್ನೂ ಕಲಿಸುವುದಿಲ್ಲ.

ಈ ಕೌಶಲ ಬೆಂಗಳೂರಿನ ಟೆಕ್ ಪಾರ್ಕುಗಳ ಸ್ವತ್ತೇನೂ ಅಲ್ಲ. ಬೋರ್‌ವೆಲ್ ನೀರು ಎತ್ತದೆ ನಿಂತಾಗ ಬರುವ ಪಂಪ್‌ಸೆಟ್ ಮೆಕ್ಯಾನಿಕ್‌ ನೇರವಾಗಿ ಮೋಟಾರು ಮೇಲೆತ್ತಿಸುವುದಿಲ್ಲ. ಮೂರೂ ಫೇಸ್ ಬರುತ್ತಿದೆಯೇ, ಫ್ಯೂಸ್ ಹೋಗಿದೆಯೇ, ಸ್ಟಾರ್ಟರ್ ಹಿಡಿಯುತ್ತಿದೆಯೇ, ಕೇಬಲ್ ಸರಿ ಇದೆಯೇ ಎಂದು ಖರ್ಚಿಲ್ಲದ ಪರೀಕ್ಷೆಗಳನ್ನೆಲ್ಲ ಮುಗಿಸಿ, ನೂರಾರು ಅಡಿ ಪೈಪು ಎಳೆಯುವ ದುಬಾರಿ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳುತ್ತಾನೆ. ಸಾಫ್ಟ್‌ವೇರ್ ಕಂಪನಿಗಳಲ್ಲಿ ‘ಡೀಬಗ್ಗಿಂಗ್’ ಎನ್ನುವುದು ಇದನ್ನೇ. ಇದನ್ನು ಕಲಿಯಲು ಮಗುವಿಗೆ ಬೇಕಾದದ್ದು ಎರಡು: ಕೆಡಲು ಬಿಡುವಷ್ಟು ಸಮಯ, ಮತ್ತು ‘ಹೀಗಾಗಬೇಕಿತ್ತು, ಹೀಗಾಯಿತು’ ಎಂದು ತಡವರಿಸದೆ ಹೇಳಿಕೊಳ್ಳುವ ಭಾಷೆ. ಎರಡನೆಯದನ್ನು ನಾವು ಯೋಚಿಸಿಯೇ ಇಲ್ಲ. ತಪ್ಪನ್ನು ವಿವರಿಸುವುದು ಮಾತಿನ ಕೆಲಸ. ಕನ್ನಡದಲ್ಲಿ ಯೋಚಿಸುವ ಮಗುವಿಗೆ ಇಂಗ್ಲಿಷಿನಲ್ಲೇ ಕೇಳಬೇಕು, ಇಂಗ್ಲಿಷಿನಲ್ಲೇ ಉತ್ತರಿಸಬೇಕು ಎಂದಾದರೆ ಅದು ಸುಮ್ಮನೆ ಗಾಡಿಯನ್ನು ಬೋಧಕರ ಕೈಗೆ ಕೊಡುತ್ತದೆ.

ಹತ್ತು ದಿನದಲ್ಲಿ ಇಷ್ಟೆಲ್ಲ ಬಯಸುವುದು ಅತಿಯಾಯಿತು, ಪರಿಚಯವಾದರೆ ಸಾಲದೇ ಎಂದು ಕೇಳಬಹುದು. ಸಾಕು, ಪರಿಚಯ ಎಂದೇ ಕರೆದರೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ರಜೆಯ ಮಕ್ಕಳು ಮೊಬೈಲ್ ಹಿಡಿದು ಕೂರದೆ ನಾಲ್ಕು ಜನರ ನಡುವೆ ಇರಲಿ ಎಂಬ ಅಗತ್ಯ ನಿಜವಾದದ್ದು, ಅದಕ್ಕಾಗಿ ಹಣ ಕೊಡುವುದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ತಕರಾರು ಇರುವುದು ಆ ಅಗತ್ಯಕ್ಕೆ, ಕೋಡಿಂಗ್ ಕಲಿಯದ ಮಗು ಹಿಂದೆ ಬೀಳುತ್ತದೆ ಎಂಬ ಭಯವನ್ನು ಬೆರೆಸಿ ಮಾರುವುದರ ಬಗ್ಗೆ. ಇದು ಎಲ್ಲಿಗೆ ಮುಟ್ಟಬಲ್ಲದು ಎಂಬುದನ್ನು 2020ರಲ್ಲಿ ನೋಡಿದ್ದೇವೆ. ಬೆಂಗಳೂರಿನ ಬೈಜೂಸ್ 30 ಕೋಟಿ ಡಾಲರ್‌ಗೆ ಕೊಂಡ ವೈಟ್‌ಹ್ಯಾಟ್ ಜೂನಿಯರ್, ಕೋಡಿಂಗ್ ಕಲಿತು ಕೋಟಿಗಟ್ಟಲೆ ಸಂಬಳದ ಕೆಲಸ ಗಿಟ್ಟಿಸಿದ ‘ವುಲ್ಫ್ ಗುಪ್ತ’ ಎಂಬ ಹುಡುಗನನ್ನು ಜಾಹೀರಾತಿನಲ್ಲಿ ತೋರಿಸಿತು. ಅಂಥ ಹುಡುಗನೇ ಇರಲಿಲ್ಲ. ಜಾಹೀರಾತು ಮಾನದಂಡ ಮಂಡಳಿಯ ಆಕ್ಷೇಪದ ಮೇಲೆ ಕಂಪನಿಯ ಐದು ಜಾಹೀರಾತುಗಳು ಹಿಂದೆ ಸರಿದವು. 2024ರಲ್ಲಿ ಬೈಜೂಸ್ ದಿವಾಳಿ ಪ್ರಕ್ರಿಯೆಯ ಮೆಟ್ಟಿಲೇರಿತು, ಆದರೆ ಅಂಥ ಜಾಹೀರಾತುಗಳು ಬಿತ್ತಿದ ಭಯ ಓಣಿಯ ಕರಪತ್ರಗಳಲ್ಲಿ ಇನ್ನೂ ಬೆಳೆ ಕೊಡುತ್ತಿದೆ.

ಇನ್ನೊಂದು ಆಕ್ಷೇಪ ಈಚಿನದು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಪ್ರೋಗ್ರಾಂ ಬರೆಯುವ ಕೆಲಸವನ್ನು ಯಂತ್ರವೇ ಮಾಡುತ್ತಿದೆ, ಮಕ್ಕಳಿಗೆ ಇದೆಲ್ಲ ಯಾಕೆ ಎಂಬುದು. ಕೋಡ್‌ನ ಸಾಲುಗಳನ್ನು ಬಾಯಿಪಾಠ ಮಾಡಿಸುವ ಶಿಬಿರಗಳಿಗೆ ಇದು ಸರಿಯಾದ ಪೆಟ್ಟು. ಆದರೆ ಯಂತ್ರ ಬರೆದುಕೊಟ್ಟದ್ದು ಕೇಳಿದ್ದನ್ನೇ ಮಾಡುತ್ತದೆಯೇ, ಇಲ್ಲದಿದ್ದರೆ ಎಲ್ಲಿ ತಪ್ಪಿದೆ ಎಂದು ನೋಡಲು ಬಾರದವರಿಗೆ ಆ ಯಂತ್ರ ಹೇಳಿದ್ದೇ ವೇದವಾಗುತ್ತದೆ. ಅದೂ ತಪ್ಪನ್ನು ಹುಡುಕಿಕೊಡುತ್ತದೆ, ನಿಜ. ಏನು ಸರಿ ಎಂದು ನಮಗೆ ಗೊತ್ತಿದ್ದರೆ. ಮೇಜಿನ ಕೆಳಗೆ ಅದಲುಬದಲಾದ ವೈರು ಮಾತ್ರ ಅದರ ಕಣ್ಣಿಗೆ ಬೀಳುವುದಿಲ್ಲ.

ಹೆಚ್ಚು ತೂಕದ ಆಕ್ಷೇಪ ಬೇರೆ ಇದೆ: ಇದು ಉಳ್ಳವರ ಮಕ್ಕಳ ಚರ್ಚೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಾಧ್ಯಮಿಕ ಹಂತದಿಂದ, ಅಂದರೆ ಆರನೇ ತರಗತಿಯಿಂದ, ಕೋಡಿಂಗ್ ಚಟುವಟಿಕೆ ಇರಬೇಕು ಎನ್ನುತ್ತದೆ. ಕೇಂದ್ರದ್ದೇ 2023-24ರ ಯುಡೈಸ್ ವರದಿಯ ಪ್ರಕಾರ ಕಂಪ್ಯೂಟರ್ ಇರುವ ಶಾಲೆಗಳು ದೇಶದಲ್ಲಿ ಶೇ 57ರಷ್ಟು ಮಾತ್ರ. ಐದನೇ ತರಗತಿಯ ಮಕ್ಕಳಲ್ಲಿ ಭಾಗಾಕಾರ ಬಲ್ಲವರು ಶೇ 31ರಷ್ಟು ಎಂದು ಗ್ರಾಮೀಣ ಭಾರತದ ಕುರಿತ 2024ರ ‘ಅಸರ್’ ವರದಿ ಹೇಳಿದೆ. ಭಾಗಾಕಾರ ಬಾರದ ಮಗುವಿಗೆ ರೋಬೊ ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೆ: ಆ ಮಗು ಭಾಗಾಕಾರದಲ್ಲಿ ಎಲ್ಲಿ ಎಡವುತ್ತಿದೆ ಎಂದು ಮಗುವಿಗೂ ಗೊತ್ತಿಲ್ಲ, ಹಲವು ಸಲ ಶಿಕ್ಷಕರಿಗೂ ಗೊತ್ತಿಲ್ಲ. ಕೆಂಪು ಶಾಯಿಯ ಗುರುತೊಂದು ಬಿದ್ದು ಪುಟ ಮಗುಚುತ್ತದೆ. ತನ್ನ ತಪ್ಪಿನ ಜಾಡು ಹಿಡಿಯುವ ಅಭ್ಯಾಸ ಹೆಚ್ಚು ಬೇಕಾಗಿರುವುದು ಈ ಮಕ್ಕಳಿಗೇ.

ಅದಕ್ಕೆ ಬೇಕಾದ ಸಲಕರಣೆ ಸರ್ಕಾರದ ಬಳಿ ಇಲ್ಲವೆಂದೂ ಅಲ್ಲ. 2016ರಲ್ಲಿ ಶುರುವಾದ ಅಟಲ್ ಇನೊವೇಷನ್ ಮಿಷನ್ ದೇಶದ ಸುಮಾರು 10,000 ಶಾಲೆಗಳಲ್ಲಿ ತಲಾ 20 ಲಕ್ಷ ರೂಪಾಯಿವರೆಗಿನ ಅನುದಾನದಲ್ಲಿ ಟಿಂಕರಿಂಗ್ ಲ್ಯಾಬ್ ಕಟ್ಟಿದೆ. ಸರ್ಕಾರಿ ಶಾಲೆಗಳಲ್ಲಿ ಐದು ವರ್ಷದಲ್ಲಿ ಇನ್ನೂ 50,000 ಎಂದು 2025ರ ಬಜೆಟ್ ಘೋಷಿಸಿದೆ. ವಸ್ತು ಹಂಚುವುದರಿಂದಲೇ ಕೆಲಸ ಮುಗಿಯುವುದಿಲ್ಲ ಎನ್ನಲು ಇಂಗ್ಲೆಂಡಿನ ಅನುಭವ ಕಣ್ಣೆದುರಿದೆ. 2014ರಲ್ಲಿ ಪ್ರೋಗ್ರಾಮಿಂಗ್ ಅಲ್ಲಿ ಪಠ್ಯಕ್ರಮಕ್ಕೆ ಬಂತು, 2016ರಲ್ಲಿ ಬಿಬಿಸಿ ಬ್ರಿಟನ್ನಿನ ಸುಮಾರು ಹತ್ತು ಲಕ್ಷ ಮಕ್ಕಳಿಗೆ ‘ಮೈಕ್ರೊಬಿಟ್’ ಎಂಬ ಪುಟ್ಟ ಸರ್ಕ್ಯೂಟ್ ಬೋರ್ಡನ್ನು ಉಚಿತವಾಗಿ ಕೊಟ್ಟಿತು. ಮರುವರ್ಷ ರಾಯಲ್ ಸೊಸೈಟಿ ವರದಿ ಕೊರತೆ ಎಂದು ಬೊಟ್ಟು ಮಾಡಿದ್ದು ಶಿಕ್ಷಕರ ಕಡೆಗೆ.

ನಮ್ಮಲ್ಲಿ ಶಿಬಿರ ಎಂದರೆ ಏನು ಎಂಬುದಕ್ಕೆ ಒಳ್ಳೆಯ ಮಾದರಿ ಇದ್ದೇ ಇದೆ. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಲ್ಲಿ ಮಕ್ಕಳು ವಾರಗಟ್ಟಲೆ ಮಾತು ಮರೆಯುತ್ತಾರೆ, ತಪ್ಪು ಜಾಗದಲ್ಲಿ ನಿಲ್ಲುತ್ತಾರೆ, ಮತ್ತೆ ಮತ್ತೆ ಮಾಡುತ್ತಾರೆ. ತಾಲೀಮೇ ಶಿಬಿರ, ನಾಟಕ ಅದರ ಕೊನೆಯ ದಿನ. ರೋಬೊಟಿಕ್ಸ್ ಶಿಬಿರ ಇದನ್ನು ತಲೆಕೆಳಗು ಮಾಡಿಕೊಂಡಿದೆ. ಶಿಕ್ಷಣ ಇಲಾಖೆ ಮನಸ್ಸು ಮಾಡಿದರೆ ಇದನ್ನು ನೆಟ್ಟಗೆ ನಿಲ್ಲಿಸಬಹುದು: ರಜೆಯಲ್ಲಿ ಶಾಲೆಯ ಜೊತೆಗೇ ಬೀಗ ಬೀಳುವ ಲ್ಯಾಬುಗಳನ್ನು ಏಪ್ರಿಲ್, ಮೇ ತಿಂಗಳಲ್ಲಿ ಸುತ್ತಲಿನ ಮಕ್ಕಳಿಗೆ ತೆರೆಯಲಿ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳನ್ನು ಅದಕ್ಕೆ ಜೋಡಿಸಲಿ, ಊರಿಗೆ ಬರುವ ಎಂಜಿನಿಯರಿಂಗ್, ಐಟಿಐ, ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಗೌರವಧನ ಕೊಟ್ಟು ಮಕ್ಕಳ ಪಕ್ಕ ಕೂರಿಸಲಿ. ಅವರಿಗೆ ಒಂದೇ ಸೂಚನೆ ಇರಲಿ: ಕೈ ಹಾಕಿ ಸರಿಮಾಡಿ ಕೊಡಬೇಡಿ.

ಖಾಸಗಿ ಶಿಬಿರಕ್ಕೆ ಕಳಿಸುವ ಪೋಷಕರು ಬರುವ ಏಪ್ರಿಲ್‌ನಲ್ಲಿ ಹಣ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಲಿ. ಒಂದು ಕಿಟ್‌ಗೆ ಎಷ್ಟು ಮಕ್ಕಳು? ರೋಬೊ ಓಡದಿದ್ದರೆ ಸರಿಪಡಿಸುವುದು ಯಾರು? ಕೊನೆಯ ದಿನ, ಎಲ್ಲರ ಮುಂದೆ, ಒಂದು ವೈರು ಕಿತ್ತು ಕೊಟ್ಟರೆ ನನ್ನ ಮಗು ಅದನ್ನು ಹುಡುಕಿ ಹಾಕುತ್ತದೆಯೇ?