ಕಾಗೆ ಅಜ್ಜನ ಸಲಹೆ

ಬೇಸಿಗೆ ರಜೆಗೆ ಅಣ್ಣನ ಮಗಳು ನಮ್ಮ ಮನೆಗೆ ಬಂದಿದ್ದಾಳೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಿದೆ, ಫಲಿತಾಂಶ ಇನ್ನೂ ಬಂದಿಲ್ಲ. ಆ ನಡುವಿನ ದಿನಗಳು ಎಷ್ಟು ಉದ್ದ ಎಂಬುದು ಅನುಭವಿಸಿದವರಿಗೇ ಗೊತ್ತು. ಹಾಸ್ಟೆಲಿನಲ್ಲಿರುವ ನನ್ನ ಮಗನ ಕಂಪ್ಯೂಟರನ್ನು ವಶಪಡಿಸಿಕೊಂಡು ಹಗಲೆಲ್ಲ ಯುದ್ಧ ಮಾಡುತ್ತಿದ್ದಾಳೆ. ಆಟದ ಹೆಸರು ‘ಟೋಟಲ್ ವಾರ್: ವಾರ್‌ಹ್ಯಾಮರ್’. ಮೊದಲ ಭಾಗ 2016ರಲ್ಲಿ, ಎರಡನೆಯದು 2017ರಲ್ಲಿ, ಮೂರನೆಯದು 2022ರಲ್ಲಿ ಬಂತು. ಕತ್ತಿ, ಮಂತ್ರ, ಮಾಯಾವಿಗಳ ಲೋಕ. ಚಿಕ್ಕ ಮಕ್ಕಳ ಆಟವಲ್ಲ, ಹದಿಹರೆಯದವರದ್ದು.

ಮೊನ್ನೆ ಸಂಜೆ ಅವಳು ಅಲ್ಲಿಂದಲೇ ಕೂಗಿದಳು. “ಚಿಕ್ಕಪ್ಪ, ಈ ಅಜ್ಜ ಒಳ್ಳೆಯವನಾ, ಕೆಟ್ಟವನಾ?”

ಹೋಗಿ ನೋಡಿದೆ. ಪರದೆಯ ಮೂಲೆಯಲ್ಲಿ ಒಬ್ಬ ಮುದುಕ. ಕೈಯಲ್ಲಿ ಕೋಲು, ಜೊತೆಗೊಂದು ಕಾಗೆಯಂಥ ಹಕ್ಕಿ. ಇವನಿಗೆ ಹೆಸರಿಲ್ಲ, ‘ಸಲಹೆಗಾರ’ ಅಷ್ಟೇ. ಆಡುವವರಿಗೆ ದಾರಿ ಹೇಳುವುದು ಇವನ ಕೆಲಸ. ಪ್ರಜೆಗಳು ಅಸಮಾಧಾನಗೊಂಡಿದ್ದಾರೆ, ಶತ್ರು ಸಮೀಪಿಸಿದ್ದಾನೆ ಎಂದು ಆಗಾಗ ಎಚ್ಚರಿಸುತ್ತಾನೆ.

“ಸಲಹೆ ತಪ್ಪಿದೆಯಾ?” ಎಂದೆ.

“ಸಲಹೆ ಸರಿಯಾಗೇ ಇದೆ. ನಿನ್ನೆ ಕುಳ್ಳರ ಕಡೆಯಿಂದ ಆಡಿದೆ, ಆಗ ಇವನೇ ಹೇಳಿಕೊಟ್ಟ. ಇವತ್ತು ಅವರ ಶತ್ರುಗಳಾದ ಹಸಿರು ರಾಕ್ಷಸರ ಕಡೆ ಆಡ್ತಿದ್ದೀನಿ. ಈಗಲೂ ಇವನೇ, ಅದೇ ದನಿ! ಹಾಗಾದ್ರೆ ಇವನು ಯಾರ ಕಡೆ?”

ಒಳ್ಳೆಯ ಪ್ರಶ್ನೆ. ಮೊದಲ ಆಟದಲ್ಲಿ ಯಾವ ಪಕ್ಷ ಹಿಡಿದರೂ ಸಲಹೆಗೆ ಈ ಅಜ್ಜನೇ. ಆಟ ಕಲಿಸಲು ಯಾರಾದರೊಬ್ಬರು ಬೇಕು, ಅದಕ್ಕೆ ಇಟ್ಟಿದ್ದಾರೆ ಎಂದು ಸುಮ್ಮನಾಗಬಹುದಿತ್ತು. ಆದರೆ ಮೂರನೇ ಭಾಗದಲ್ಲಿ ಕಥೆ ಬರೆದವರು ಅದನ್ನೇ ಎತ್ತಿಕೊಂಡಿದ್ದಾರೆ. ಅಜ್ಜನ ಕೈಯಲ್ಲೊಂದು ಹಣೆಬರಹದ ಪುಸ್ತಕವಿದೆ. ಅದು ಅವನಿಗೆ ಶಾಪವಾಗಿ ಅಂಟಿಕೊಂಡಿದೆ. ಬಿಡುಗಡೆ ಸಿಗಬೇಕಾದರೆ ದೇವರೊಬ್ಬನ ರಕ್ತದ ಹನಿ ಬೇಕು. ಹಿಮನಾಡು ಕಿಸ್ಲೆವ್‌ನ ಕರಡಿ ದೇವರು ಉರ್ಸುನ್ ಗಾಯಗೊಂಡು ಸೆರೆಯಲ್ಲಿದ್ದಾನೆ. ಅವನನ್ನು ಬಿಡಿಸಲು ಹೊರಟ ಭಕ್ತರಿಗೂ ಅಜ್ಜ ದಾರಿ ತೋರಿಸುತ್ತಾನೆ, ಅವನನ್ನು ತಿನ್ನಲೆಂದು ಹೊರಟ ದೈತ್ಯರಿಗೂ ತೋರಿಸುತ್ತಾನೆ. ಯಾರು ತಲುಪಿದರೂ ಇವನ ಕೆಲಸ ಆದೀತು!

ಹಾಗಾದರೆ ಕೆಟ್ಟವನೇ? ಹಾಗೆ ತೀರ್ಪು ಕೊಡುವ ಮೊದಲು ಅದೇ ಆಟದ ಆರಂಭದ ಕಥೆಯನ್ನೂ ನೋಡಬೇಕು. ಯೂರಿ ಎಂಬ ರಾಜಕುಮಾರ ತನ್ನ ದೇವರನ್ನು ಹುಡುಕುತ್ತ ಉತ್ತರಕ್ಕೆ ಹೊರಡುತ್ತಾನೆ. ಅವನಿಗೊಂದು ದನಿ ಕೇಳಿಸುತ್ತದೆ. ಅದು ದೇವರದ್ದೇ ಎಂದು ನಂಬುತ್ತಾನೆ. ದನಿ ಅವನಿಗೆ ಬೇಕಾದ್ದನ್ನೇ ಹೇಳುತ್ತಿರುತ್ತದೆ: ನೀನೇ ಆಯ್ಕೆಯಾದವನು, ಮುಂದೆ ನಡೆ. ಜೊತೆಗಿದ್ದವರು ಬೇಡವೆಂದರೂ ಕೇಳದೆ ನಡೆದು, ಕೊನೆಗೆ ಯಾವ ದೇವರನ್ನು ಹುಡುಕಿ ಬಂದನೋ ಅವನಿಗೇ ಗುಂಡು ಹೊಡೆಯುತ್ತಾನೆ. ದನಿ ರಾಕ್ಷಸನದ್ದಾಗಿತ್ತು.

ಅಜ್ಜನಿಗೂ ಸ್ವಾರ್ಥವಿದೆ, ಆ ದನಿಗೂ ಇದೆ. ಆದರೆ ಅಜ್ಜನ ಸಲಹೆಯನ್ನು ನೀವು ಕಣ್ಣಾರೆ ಪರೀಕ್ಷಿಸಬಹುದು. ಶತ್ರು ಬಂದಿದ್ದಾನೆ ಎಂದರೆ ಬಂದಿರುತ್ತಾನೆ. ಆ ದನಿಯನ್ನು ಯೂರಿ ಒಮ್ಮೆಯೂ ಪರೀಕ್ಷಿಸಲಿಲ್ಲ, ಅದು ಅಷ್ಟು ಹಿತವಾಗಿತ್ತು.

ನಾನು ಅವಳಿಗೆ ಶಲ್ಯನ ಕಥೆ ಹೇಳಿದೆ. ಕೌರವರ ಕಡೆ ಸೇರಿದವನು, ಕರ್ಣನ ಸಾರಥಿ. ಆದರೆ ಕರ್ಣನ ಧೈರ್ಯ ಕುಂದಿಸುತ್ತೇನೆ ಎಂದು ಧರ್ಮರಾಯನಿಗೆ ಮೊದಲೇ ಮಾತು ಕೊಟ್ಟಿದ್ದ. ರಥ ಹತ್ತಿದಾಗಿನಿಂದ ಚುಚ್ಚಿ ಚುಚ್ಚಿ ಮಾತಾಡಿದ. ಕರ್ಣ ಸರ್ಪಾಸ್ತ್ರ ಹೂಡಿದಾಗ ಮಾತ್ರ, “ಗುರಿ ಸರಿಯಿಲ್ಲ, ಇನ್ನೊಮ್ಮೆ ನೋಡಿ ಹೂಡು” ಎಂದ. ತೊಟ್ಟ ಬಾಣವನ್ನು ಮತ್ತೆ ತೊಡುವವನಲ್ಲ ಎಂದ ಕರ್ಣ. ಬಾಣ ಅರ್ಜುನನ ಕಿರೀಟವನ್ನಷ್ಟೇ ಹಾರಿಸಿತು. ಅಷ್ಟು ಹೊತ್ತು ಚುಚ್ಚಿದವನ ಮಾತು ಆ ಗಳಿಗೆಯಲ್ಲಿ ಕಿವಿಗೆ ಹೋಗುವುದಾದರೂ ಹೇಗೆ? ಆದರೆ ಆ ಒಂದು ಮಾತು ಸರಿಯಾಗಿತ್ತು.

“ಅಂದ್ರೆ ಹೇಳಿದವರು ಬೇರೆ, ಹೇಳಿದ ಮಾತು ಬೇರೆ” ಎಂದಳು.

“ಎರಡನ್ನೂ ನೋಡಬೇಕು. ಇದರಲ್ಲಿ ಅವರಿಗೇನು ಲಾಭ ಅಂತ ಒಂದು ಸಲ, ಲಾಭ ಇದ್ದರೂ ಮಾತು ಸರಿಯೇ ಅಂತ ಇನ್ನೊಂದು ಸಲ.” ದೊಡ್ಡ ಮಾತು ಹೇಳಿದೆನೆಂದು ನನಗೆ ಹೆಮ್ಮೆಯಾಯಿತು. ಅದು ಹೆಚ್ಚು ಹೊತ್ತು ಉಳಿಯಲಿಲ್ಲ.

“ಹಾಗಾದ್ರೆ ಚಿಕ್ಕಪ್ಪ, ಪಿಯುಸಿಗೆ ಕಾಮರ್ಸ್ ಬೇಡ, ಸೈನ್ಸೇ ತಗೋ ಅಂತ ಅಪ್ಪನ ಮುಂದೆ ಹೇಳಿದ್ರಲ್ಲ, ಅದು ನನಗೋಸ್ಕರಾನಾ, ನಿಮಗೋಸ್ಕರಾನಾ?”

ಉತ್ತರ ತಕ್ಷಣ ಬರಲಿಲ್ಲ. ಎಂಜಿನಿಯರ್ ಆಗಬೇಕೆಂದಿದ್ದ ನನಗೆ ಸೀಟು ಸಿಗಲಿಲ್ಲ. ಆ ವರ್ಷ ಮನೆಯಲ್ಲಿ ಯಾರೊಡನೆಯೂ ಸರಿಯಾಗಿ ಮಾತಾಡಿರಲಿಲ್ಲ. ಮನೆಯ ಯಾವ ಮಗು ಹತ್ತನೇ ತರಗತಿ ಮುಗಿಸಿದರೂ ನನ್ನ ಬಾಯಲ್ಲಿ ಬರುವುದು ಸೈನ್ಸ್ ಎಂಬ ಒಂದೇ ಮಾತು. ಮಗನಿಗೂ ಅದನ್ನೇ ಹೇಳಿದ್ದೆ. ಯಾವ ಪಕ್ಷವಾದರೂ ಅದೇ ಅಜ್ಜ, ಅದೇ ದನಿ!

ಇದನ್ನೆಲ್ಲ ಅವಳಿಗೆ ಹೇಳಿಬಿಟ್ಟೆ. ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ.

“ಸರಿ, ಅದನ್ನ ಪಕ್ಕಕ್ಕಿಟ್ಟು ಈಗ ಹೇಳಿ.”

“ನಿನಗೆ ಲೆಕ್ಕ ಚೆನ್ನಾಗಿ ಬರುತ್ತೆ ಪುಟ್ಟಿ, ಅದು ನಿಜ. ಲೆಕ್ಕ ಕಾಮರ್ಸ್‌ಗೂ ಬೇಕು. ಉಳಿದದ್ದು ನಾನು ಸೇರಿಸಿದ್ದು.”

ತಲೆಯಾಡಿಸಿ ಆಟಕ್ಕೆ ತಿರುಗಿದಳು. ಅದರಲ್ಲಿ ಅಜ್ಜನ ಸಲಹೆಯನ್ನು ಕಡಿಮೆ ಮಾಡುವ ಸೆಟ್ಟಿಂಗ್ ಇದೆಯಂತೆ. ಪೂರ್ತಿ ನಿಲ್ಲಿಸಲೂಬಹುದು. ಅವಳು ಕಡಿಮೆ ಮಾಡಿದಳು, ನಿಲ್ಲಿಸಲಿಲ್ಲ.

ಅರ್ಜಿ ತುಂಬುವ ದಿನ ಹತ್ತಿರ ಬರುತ್ತಿದೆ. ಏನು ಬರೆಯುತ್ತಾಳೋ ಗೊತ್ತಿಲ್ಲ. ನಾನಂತೂ ಕೇಳಿಲ್ಲ.