ಮೂರನೇ ಪಿನ್ನು ಮುರಿಯಬೇಡಿ, ನೂರು ವ್ಯಾಟಿಗೆ ಸಾಲ ಮಾಡಬೇಡಿ

ಹೊಗೆಸೊಪ್ಪಿನ ಹರಾಜು ಶುರುವಾಗಿ ಮೊದಲ ದುಡ್ಡು ಕೈಗೆ ಬಂದರೆ ನಮ್ಮ ಕಡೆ ಹುಡುಗರು ಬೈಕು, ಮೊಬೈಲು ಕೇಳುವುದು ಹಳೇ ಮಾತು. ಹೋದ ವರ್ಷ ಹುಣಸೂರು ತಾಲ್ಲೂಕಿನ ಒಬ್ಬ ಹುಡುಗ ಗಿಟಾರ್ ಆಂಪ್ ಕೇಳಿದ. ನೂರು ವ್ಯಾಟಿನದು. ಅಪ್ಪ ಅರ್ಧ ಕೊಟ್ಟರು, ಇನ್ನರ್ಧ ಕಂತಿನ ಸಾಲ. ನಾವು ಸುದ್ದಿಗೆಂದು ಆ ಊರಿಗೆ ಹೋದಾಗ ಆಂಪಿನ ಮೇಲೆ ಟವೆಲ್ ಹೊದಿಸಿ, ಅದರ ಮೇಲೆ ದೇವರ ಫೋಟೊ ಇಟ್ಟಿದ್ದರು.

'ಯಾಕಪ್ಪ, ನುಡಿಸಲ್ವಾ?' ಅಂದೆವು.

'ವಾಲ್ಯೂಮ್ ಎರಡಕ್ಕಿಟ್ರೆ ಪಕ್ಕದ ಮನೆ ಮಗು ಅಳುತ್ತೆ ಅಣ್ಣ. ಒಂದಕ್ಕಿಟ್ರೆ ಸೊಳ್ಳೆ ಥರ ಕೇಳುತ್ತೆ. ರೆಕಾರ್ಡಿಂಗಂತೂ ಆಗ್ಲೇ ಇಲ್ಲ.'

ಕಂತು ಮಾತ್ರ ತಿಂಗಳು ತಿಂಗಳು ತಪ್ಪದೆ ಹೋಗುತ್ತಿತ್ತು. ಅಪ್ಪ ಮಗನಿಗೆ ಮಾತು ನಿಂತಿತ್ತು. ಈ ಬರಹ ಆ ಹುಡುಗನಂಥವರಿಗೆ, ಅವರ ಅಪ್ಪಂದಿರಿಗೆ ಕೂಡ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಹಳ್ಳಿ ಮನೆಯಲ್ಲಿ ಕೂತು ಮೆಟಲ್, ಹೆವಿ ರಾಕ್ ರೆಕಾರ್ಡ್ ಮಾಡುವವನಿಗೆ ದೊಡ್ಡ ಆಂಪ್ ಬೇಡ. ದುಡ್ಡು ಮೊದಲು ಹೋಗಬೇಕಾದ್ದು ಮನೆಯ ಅರ್ಥಿಂಗಿಗೆ, ಆಮೇಲೆ ಒಂದು ಆಡಿಯೊ ಇಂಟರ್‌ಫೇಸಿಗೆ. ಆಂಪ್ ಕೊನೆಗೆ, ಅದೂ ಚಿಕ್ಕದು.

ವ್ಯಾಟಿನ ಲೆಕ್ಕ

ನೂರು ವ್ಯಾಟ್ ಅಂದರೆ ಹತ್ತು ವ್ಯಾಟಿಗಿಂತ ಹತ್ತು ಪಟ್ಟು ಜೋರು ಎಂದು ಅಂಗಡಿಯಲ್ಲಿ ಎಲ್ಲರಿಗೂ ಅನ್ನಿಸುತ್ತದೆ. ಕಿವಿಯ ಲೆಕ್ಕ ಬೇರೆ. ವ್ಯಾಟು ಹತ್ತು ಪಟ್ಟಾದರೆ ಶಬ್ದ ಏರುವುದು 10 ಡೆಸಿಬೆಲ್, ಕಿವಿಗೆ ಅದು ಸುಮಾರು ಎರಡು ಪಟ್ಟು ಜೋರು. 50 ವ್ಯಾಟಿಗೂ 100 ವ್ಯಾಟಿಗೂ ಇರುವ ಅಂತರ ಬರೀ 3 ಡೆಸಿಬೆಲ್. ಹತ್ತಡಿ ಕೋಣೆಗೆ ಹತ್ತು ವ್ಯಾಟೇ ಜಾಸ್ತಿ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಗದ್ದೆ ಕೆಲಸ, ಬ್ಯಾರನ್ ಕೆಲಸ ಮುಗಿಸಿ ಹುಡುಗರು ಗಿಟಾರ್ ಹಿಡಿಯುವುದೇ ರಾತ್ರಿ ಒಂಬತ್ತರ ಮೇಲೆ. ಆಗ ನೂರು ವ್ಯಾಟಿಗೆ ಟವೆಲ್ಲೇ ಗತಿ.

ಭಾರಿ ಶಬ್ದಕ್ಕೆ ಭಾರಿ ಪೆಟ್ಟಿಗೆ ಬೇಕು ಅನ್ನುವುದನ್ನು ಈ ಸಂಗೀತದ ಚರಿತ್ರೆಯೇ ಒಪ್ಪುವುದಿಲ್ಲ. 1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಒಂದು ಅಗ್ಗದ ಸಣ್ಣ ಆಂಪಿನ ಸ್ಪೀಕರ್ ಕಾಗದವನ್ನು ಬ್ಲೇಡಿನಿಂದ ಕೊಯ್ದು ಆ ಒರಟು ದನಿ ತೆಗೆದರು. ಬ್ಲ್ಯಾಕ್ ಸಬ್ಬಾತ್‌ನ ಟೋನಿ ಅಯೋಮಿ ಬರ್ಮಿಂಗ್‌ಹ್ಯಾಮಿನ ಶೀಟ್ ಮೆಟಲ್ ಕಾರ್ಖಾನೆಯ ಕೂಲಿ ಹುಡುಗ. 17ನೇ ವಯಸ್ಸಿಗೆ ಮೆಷಿನ್ನಿಗೆ ಸಿಕ್ಕಿ ಎರಡು ಬೆರಳ ತುದಿ ಹೋದವು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡರು, ಮುಂದೆ ತಂತಿ ಸಡಿಲಿಸಿ ಶ್ರುತಿ ಇಳಿಸಿದರು. ಇವತ್ತು ಮೆಟಲ್ ಅನ್ನುವ ಸಂಗೀತ ಹುಟ್ಟಿದ್ದು ಹೀಗೆ, ಕೈಲಿದ್ದದ್ದರಲ್ಲಿ.

ಮೈಕ್‌ಸೆಟ್ಟಿನ ಹೆಜ್ಜೇನು

ನಮ್ಮಲ್ಲಿ ಸುಮಾರು ಜನ ಮಾಡುವ ಇನ್ನೊಂದು ಪ್ರಯೋಗವಿದೆ. ಹಬ್ಬದ ಮೈಕ್‌ಸೆಟ್ಟಿಗೆ ಡಿಸ್ಟಾರ್ಷನ್ ಪೆಡಲ್ ಸಿಕ್ಕಿಸಿ ನುಡಿಸುವುದು. ಎಚ್.ಡಿ. ಕೋಟೆ ಕಾಡಂಚಿನವರಿಗೆ ಬೇಗ ಅರ್ಥವಾಗುವ ಹಾಗೆ ಹೇಳುವುದಾದರೆ, ಹೆಜ್ಜೇನು ಎದ್ದ ಹಾಗೆ ಕೇಳುತ್ತದೆ. ತಪ್ಪು ಪೆಡಲಿನದಲ್ಲ. ಗಿಟಾರ್ ಆಂಪಿನ ಹನ್ನೆರಡು ಇಂಚಿನ ಸ್ಪೀಕರ್ ಸುಮಾರು 5,000 ಹರ್ಟ್ಸ್‌ನಿಂದ ಮೇಲಿನ ಕೀರಲನ್ನು ತಾನೇ ಕತ್ತರಿಸಿ ಹಾಕುತ್ತದೆ. ಮೈಕ್‌ಸೆಟ್ಟಿನ ಬಾಕ್ಸಿನಲ್ಲಿರುವ ಹಾರ್ನು ಮಾತು ಸ್ಪಷ್ಟವಾಗಿ ಕೇಳಲೆಂದು ಆ ಕೀರಲನ್ನೆಲ್ಲ ಹೊರಗೆ ಬಿಡುತ್ತದೆ.

ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುವಾಗಲೂ ಇದೇ ಕತೆ. ಆಂಪ್ ಸಾಫ್ಟ್‌ವೇರ್ ಹಾಕಿ, ಕ್ಯಾಬಿನೆಟ್ ಹಾಕುವುದು ಮರೆತರೆ ಅದೇ ಜೇನುಹುಳ. ಕ್ಯಾಬಿನೆಟ್ಟಿನ ಐ.ಆರ್. ಫೈಲುಗಳು ಪುಕ್ಕಟೆ ಸಿಗುತ್ತವೆ. ನ್ಯೂರಲ್ ಆಂಪ್ ಮಾಡೆಲರ್ ಅನ್ನುವ ಪ್ಲಗಿನ್ ಕೂಡ ಪುಕ್ಕಟೆ. ಅಸಲಿ ಆಂಪುಗಳ ದನಿ ಹಿಡಿದಿಟ್ಟ ಫೈಲುಗಳನ್ನು ಅದರಲ್ಲಿ ತೆರೆಯಬಹುದು. ರೆಕಾರ್ಡಿಂಗಿಗೆ ರೀಪರ್ ಇದೆ, 60 ದಿನ ಹಾಗೇ ಬಳಸಿ ನೋಡಬಹುದು.

ಇಂಟರ್‌ಫೇಸ್ ಯಾಕೆ, ಗಿಟಾರನ್ನು ಲ್ಯಾಪ್‌ಟಾಪಿನ ಮೈಕ್ ತೂತಿಗೇ ಚುಚ್ಚಿದರಾಗದೇ ಎಂದು ಕೇಳುತ್ತಾರೆ. ಆಗುತ್ತದೆ, ಆದರೆ ದನಿ ಸತ್ತಿರುತ್ತದೆ. ಗಿಟಾರಿನ ಪಿಕಪ್‌ಗೆ ಸುಮಾರು 10 ಲಕ್ಷ ಓಮ್ ಇನ್‌ಪುಟ್ ಬೇಕು, ಮೈಕ್ ತೂತಿನಲ್ಲಿ ಅಷ್ಟಿರುವುದಿಲ್ಲ. ಇಂಟರ್‌ಫೇಸಿನ 'ಇನ್ಸ್ಟ್' ಗುಂಡಿ ಇರುವುದೇ ಇದಕ್ಕೆ. ಅದನ್ನು ಒತ್ತಿ, ಜೋರಾಗಿ ಹೊಡೆದಾಗಲೂ ಮೀಟರು ಮೈನಸ್ 10ರ ಆಚೀಚೆ ನಿಲ್ಲುವ ಹಾಗೆ ಇಡಿ. ನುಡಿಸಿದ್ದು ತಡವಾಗಿ ಕೇಳಿದರೆ ಬಫರ್ 128ಕ್ಕೆ ಇಳಿಸಿ.

ಇದರಲ್ಲಿ ಹಳ್ಳಿಗೇ ಹೊಂದುವ ಒಂದು ಲಾಭವಿದೆ. ಇಂಟರ್‌ಫೇಸ್ ನಡೆಯುವುದು ಲ್ಯಾಪ್‌ಟಾಪಿನ ಯು.ಎಸ್.ಬಿ. ಕರೆಂಟಿನಲ್ಲಿ. ಲೈನ್ ಹೋದರೂ ಬ್ಯಾಟರಿ ಇರುವ ತನಕ ಕೆಲಸ ಸಾಗುತ್ತದೆ. ಚಾರ್ಜರ್ ಕಿತ್ತರೆ ಗುಂಯ್ ಅನ್ನುವ ಸದ್ದು ಎಷ್ಟೋ ಸಲ ತಾನಾಗಿ ನಿಲ್ಲುತ್ತದೆ.

ಎರಡು ಸಲ ನುಡಿಸಿ

ದಪ್ಪ ದನಿ ಬರುವುದು ಗೇನ್ ತಿರುಗಿಸಿದ್ದಕ್ಕಲ್ಲ. ಒಂದೇ ರಿಫ್ಫನ್ನು ಎರಡು ಸಲ ನುಡಿಸಿ, ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ಹಾಕುತ್ತಾರೆ. ಕಾಪಿ-ಪೇಸ್ಟ್ ಮಾಡಿದರೆ ನಡುವೆ ಒಂದೇ ಗಿಟಾರ್ ಕೇಳುತ್ತದೆ. ಎರಡನೇ ಸಲದ ಸಣ್ಣ ವ್ಯತ್ಯಾಸವೇ ಅಗಲ ಕೊಡುವುದು. ಇಬ್ಬರು ತಮಟೆಯವರು ಒಂದೇ ಏಟು ಹೊಡೆದಾಗ ಬರುವ ತುಂಬು ಅದು. ಗೇನನ್ನು ನಿಮಗೆ ಸಾಕೆನಿಸಿದ್ದಕ್ಕಿಂತ ಕಾಲುಭಾಗ ಇಳಿಸಿ. 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ, ಬೇಸಿಗೆ ಜಾಗ ಬಿಡಿ. ಶ್ರುತಿ ಬಹಳ ಇಳಿಸುವುದಾದರೆ ದಪ್ಪ ತಂತಿ ಹಾಕಿ, ಪ್ರತಿ ಟೇಕಿಗೂ ಟ್ಯೂನ್ ನೋಡಿ.

ಆಂಪ್ ಬೇಕೇ ಬೇಕು ಅನ್ನುವವರ ಮಾತನ್ನೂ ನಾವು ತಳ್ಳಿಹಾಕುವುದಿಲ್ಲ. ಸ್ಪೀಕರಿನ ಗಾಳಿ ಹೊಟ್ಟೆಗೆ ಬಡಿದಾಗ ಆಗುವ ಖುಷಿ ಹೆಡ್‌ಫೋನಿನಲ್ಲಿ ಇಲ್ಲ. ಅಂಥವರು ಹೆಡ್‌ಫೋನ್ ತೂತು, ಯು.ಎಸ್.ಬಿ. ಎರಡೂ ಇರುವ ಚಿಕ್ಕ ಆಂಪ್ ನೋಡಿ. ಬಾಸ್ ಕಟಾನಾ 50ರಲ್ಲಿ ಅರ್ಧ ವ್ಯಾಟಿಗೆ ಇಳಿಸುವ ಗುಂಡಿಯಿದೆ. ಸೆಕೆಂಡ್ ಹ್ಯಾಂಡ್ ಆದರೆ ನಿಮ್ಮ ಗಿಟಾರನ್ನೇ ಒಯ್ದು, ಎಲ್ಲ ಗುಂಡಿ ತಿರುಗಿಸಿ, ಕರಕರ ಸದ್ದು ಕೇಳಿ ನೋಡಿಯೇ ದುಡ್ಡು ಕೊಡಿ.

ಜೀವದ ಮಾತು

ಅರ್ಥಿಂಗ್ ಮೊದಲು ಎಂದದ್ದು ಬರೀ ಗುಂಯ್ ಸದ್ದಿಗಲ್ಲ. ಗಿಟಾರಿನ ತಂತಿಗಳು ಆಂಪಿನ ಅರ್ಥಿಗೆ ಸೇರಿರುತ್ತವೆ. ಮೂರನೇ ಪಿನ್ನು ಮುರಿದು ಎರಡು ಪಿನ್ನಿನ ಪ್ಲಗ್ಗಿಗೆ ಚುಚ್ಚುವುದು ನಮ್ಮ ಮನೆಗಳಲ್ಲಿ ಮಾಮೂಲು. ಹಾಗೆ ಮಾಡಿ, ಒಂದು ಕೈ ತಂತಿಯ ಮೇಲಿಟ್ಟು ಇನ್ನೊಂದರಲ್ಲಿ ಮೈಕ್ ಹಿಡಿದರೆ ಕರೆಂಟು ಎದೆಯ ಮೂಲಕ ಹಾಯಬಹುದು. 1972ರಲ್ಲಿ ಬ್ರಿಟನ್ನಿನ ಸ್ವಾನ್‌ಸೀಯಲ್ಲಿ ಲೆಸ್ ಹಾರ್ವಿ ಎಂಬ ಗಿಟಾರ್ ವಾದಕರು ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ ವೇದಿಕೆಯಲ್ಲೇ ತೀರಿಕೊಂಡರು. ಪಂಪ್‌ಸೆಟ್ಟಿಗೆ ಗುಂಡಿ ತೋಡಿ ಇದ್ದಿಲು, ಉಪ್ಪು ಹಾಕಿ ಅರ್ಥ್ ಕೊಡಿಸುವ ನಾವು ಮಗನ ಕೋಣೆಗೆ ಯಾಕೆ ಕೊಡಿಸಬಾರದು? ವಯರ್‌ಮ್ಯಾನ್ ಕರೆಸಿ, ಒಂದು ದಿನದ ಕೆಲಸ.

'ಇದೆಲ್ಲ ನಮ್ಮದಲ್ಲ, ಬೆಂಗಳೂರಿನವರ ಗಲಾಟೆ' ಅನ್ನುವ ಹಿರಿಯರಿಗೂ ಒಂದು ಮಾತು. ಬೆಂಗಳೂರು ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ನುಡಿಸಿದ್ದು ನಿಜ. ಅಲ್ಲಿನ ಕ್ರಿಪ್ಟೋಸ್ ತಂಡ ಜರ್ಮನಿಯವರೆಗೂ ಹೋಗಿ ಬಂದದ್ದೂ ನಿಜ. ಆದರೆ ದೆಹಲಿಯ ಬ್ಲಡಿವುಡ್ ತಂಡ ಮೆಟಲ್ ಗಿಟಾರಿನ ಜೊತೆ ಢೋಲ್ ಬಾರಿಸಿಯೇ ಹೊರದೇಶದವರನ್ನು ಕುಣಿಸಿತು. ಜೋರು ದನಿಗೆ ನಾವೇನು ಹೊಸಬರೇ? ಬೆಂಕಿಗೆ ಹಿಡಿದು ಕಾಯಿಸಿದ ತಮಟೆ, ಜಾತ್ರೆಯ ನಗಾರಿ ಕೇಳಿ ಬೆಳೆದ ಕಿವಿ ನಮ್ಮದು. ಅದರ ಪಕ್ಕದಲ್ಲಿ ಒಂದು ಗಿಟಾರ್ ನಿಲ್ಲಲಿ, ಕನ್ನಡದಲ್ಲೇ ಕೂಗಲಿ.

ಕೊನೆಗೊಂದು ಸಲಹೆ. ಕೆ.ಆರ್. ನಗರದ ಗದ್ದೆ ಬಯಲಿನಲ್ಲಿ ನಾಟಿಗೆ ಮುಯ್ಯಾಳು ಹೋಗುವುದು ಎಲ್ಲರಿಗೂ ಗೊತ್ತು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ನಾಲ್ಕು ಹುಡುಗರು ಸೇರಿ ಒಂದು ಇಂಟರ್‌ಫೇಸ್ ಕೊಂಡು ಹಾಗೇ ಸುತ್ತಿಸಿ. ಸೊಪ್ಪು ಬೇಯಿಸದ ತಿಂಗಳಲ್ಲಿ ಬ್ಯಾರನ್ ಖಾಲಿ ಬಿದ್ದಿರುತ್ತದೆ. ಗೋಡೆಗೆ ಗೋಣಿಚೀಲ, ಕಂಬಳಿ ಇಳಿಬಿಟ್ಟರೆ ಹಾಡುವವನ ದನಿ ಹಿಡಿಯಲು ಅಷ್ಟು ಸಾಕು.

ಆ ಹುಡುಗ ಆಂಪನ್ನು ಅರ್ಧ ಬೆಲೆಗೆ ಮಾರಿ ಸಾಲ ಚುಕ್ತಾ ಮಾಡಿದ. ಉಳಿದದ್ದರಲ್ಲಿ ಹಳೇ ಇಂಟರ್‌ಫೇಸ್ ಒಂದು ತಂದ. ಮೊನ್ನೆ ಫೋನಿಗೆ ಎರಡು ನಿಮಿಷದ ತುಣುಕು ಕಳಿಸಿದ್ದ. ಎಡಕ್ಕೊಂದು ಗಿಟಾರ್, ಬಲಕ್ಕೊಂದು ಗಿಟಾರ್, ನಡುವೆ ತಮಟೆ. ತಮಟೆ ಯಾರದಪ್ಪ ಅಂದೆವು.

'ಅಪ್ಪಂದೇ ಅಣ್ಣ' ಅಂದ.